ಧೂಪದ ಶೀಶೆ ಮತ್ತು ಮೂಗು ಸಾಹೇಬರು

"ಈ ಕಟ್ಟಡದಲ್ಲಿ ಯಾರಾದ್ರೂ ಬೆಂಕಿಕಡ್ಡಿ ಗೀರೋ ಯೋಚನೆ ಮಾಡಿದ್ರೂ ಸಾಕು, ನನ್ನ ಮೂಗಿಗೆ ಗೊತ್ತಾಗಿಬಿಡುತ್ತೆ" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು ಕಂಪನಿಯ ಅಗ್ನಿ ಸುರಕ್ಷತಾಧಿಕಾರಿ. ಹಾಗಾಗಿ ಕಚೇರಿಯವರೆಲ್ಲ ಅವರಿಗೆ ಇಟ್ಟ ಹೆಸರು ಮೂಗು ಸಾಹೇಬರು. ಸೀಮೆಗಿಲ್ಲದ ಶಿಸ್ತು ಅವರದು. ಯಾರ ಮೇಜಿನಲ್ಲಾದರೂ ಉಗುರುಬಣ್ಣ ಸಿಕ್ಕಿತೋ, ಮುಗಿಯಿತು. ಅವರನ್ನು ಎಬ್ಬಿಸಿ ನಿಲ್ಲಿಸಿ, ಶೀಶೆಯ ಮೇಲಿನ ಬೆಂಕಿಯ ಎಚ್ಚರಿಕೆಯನ್ನು ಗಟ್ಟಿಯಾಗಿ ಓದಿಸಿ, "ಹಿಂದಿನ ಸಾಲಿಗೆ ಕೇಳಿಸಲಿಲ್ಲ, ಇನ್ನೊಂದ್ಸಲ" ಎನ್ನುವವರೆಗೆ ಸಾಹೇಬರಿಗೆ ಸಮಾಧಾನವಿಲ್ಲ. ಅಲ್ಲೇ ಲೆಕ್ಕಪತ್ರ ವಿಭಾಗದಲ್ಲಿದ್ದ ಸ್ವಂತ ಹೆಂಡತಿಗೂ ರಿಯಾಯಿತಿ ಇರಲಿಲ್ಲ.

ಇಂಥವರನ್ನು ಎಲ್ಲ ಶಾಖೆಗಳಿಗೂ ಮುಖ್ಯಾಧಿಕಾರಿ ಮಾಡುವ ವಿಷಯ ಸೋಮವಾರ ತೀರ್ಮಾನವಾಗುವುದಿತ್ತು. ವರ್ಷಗಟ್ಟಲೆ ಕಾದ ಹುದ್ದೆ! ನಿರ್ದೇಶಕರೆದುರು ಗತ್ತಿನಿಂದ ಕೂರಬೇಕೆಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ದುಬಾರಿ ಸೆಂಟಿನ ಅಂಗಡಿಗೆ ಹೋದರು.

"ಶ್ರೀಗಂಧ, ದೇವದಾರು, ಅಗರು, ಧೂಪ ಸೇರಿಸಿ ಮಾಡಿದ್ದು ಸರ್" ಎಂದು ಅಂಗಡಿಯ ಹುಡುಗಿ ಶುರುಮಾಡಿದಳು. "ಮೊದಲು ನಿಂಬೆ ವಾಸನೆ ಬರುತ್ತೆ. ಸ್ವಲ್ಪ ಹೊತ್ತು ಬಿಟ್ಟು ಧೂಪ ಹಾಕಿದ ಹಾಗೆ ಹೊಗೆ ವಾಸನೆ ಏಳುತ್ತೆ. ಅದೇ ಇದರ ವಿಶೇಷ."

ಸಾಹೇಬರು ಎಲ್ಲಿ ಕೇಳಿಸಿಕೊಂಡರು? ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಮುಗಿದಿದೆಯೆಂದು ಮಾಲೀಕನ ಜನ್ಮ ಜಾಲಾಡುತ್ತಿದ್ದರು. ಬೈಗುಳ ಮುಗಿಸಿ ಬಂದು, ಹುಡುಗಿ ಆಗಷ್ಟೇ ಸೆಂಟು ಸಿಂಪಡಿಸಿ ಹಿಡಿದ ಕಾಗದದ ಪಟ್ಟಿಯನ್ನು ಮೂಸಿ, "ನಿಂಬೆ. ಚೆನ್ನಾಗಿದೆ, ಕೊಡಮ್ಮ" ಎಂದರು.

ಮರುದಿನ ಕಾಲರಿಗೆ, ಕರ್ಚೀಫಿಗೆ ಕೈಬಿಚ್ಚಿ ಸಿಂಪಡಿಸಿಕೊಂಡು, ಶೀಶೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಿರ್ದೇಶಕರ ಕೋಣೆಯಲ್ಲಿ ಕೂತರು. ಮಾತು ಹುದ್ದೆಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ಸಾಹೇಬರ ಮೂಗಿನ ಹೊಳ್ಳೆ ಅರಳಿತು.

"ಹೊಗೆ ಸರ್. ಯಾರೋ ಧೂಪ ಹಚ್ಚಿದ್ದಾರೆ. ನಾನಿರೋವಾಗಲೇ! ಎಷ್ಟು ಸೊಕ್ಕು ನೋಡಿ ಅವರಿಗೆ."

ಅಲ್ಲ, ಇವತ್ತೇ ಹಚ್ಚಬೇಕಿತ್ತೇ? ಹೊಟ್ಟೆಕಿಚ್ಚಿನವರ ಕೆಲಸವೇ ಸರಿ ಎಂದು ಸಾಹೇಬರು ಕುದಿಯುತ್ತಾ ಕೋಣೆಯಿಂದ ಕೋಣೆಗೆ ನುಗ್ಗಿದರು. ಹೋದಲ್ಲೆಲ್ಲ ಅದೇ ವಾಸನೆ. ಲೆಕ್ಕಪತ್ರ ವಿಭಾಗಕ್ಕೆ ಬಂದಾಗ ಹೆಂಡತಿ ಅಡ್ಡ ನಿಂತಳು.

"ರೀ, ಒಂದ್ನಿಮಿಷ. ನಿನ್ನೆ ಆ ಹುಡುಗಿ ಏನು ಹೇಳಿದ್ಲು ಅಂದ್ರೆ..."

"ಕಟ್ಟಡ ಹೊತ್ಕೊಂಡು ಉರಿಯೋವಾಗ ನಿಂದೇನೇ ಹುಡುಗಿ ಪುರಾಣ? ನಡಿ ಹೊರಗೆ!"

ಅಪಾಯದ ಗಂಟೆ ಹೊಡೆಯಿತು. ಇಡೀ ಕಚೇರಿ ಬಿಸಿಲಿಗೆ ಬಂದು ಸಾಲಾಗಿ ನಿಂತಿತು. ಸುರಕ್ಷತಾಧಿಕಾರಿ ಖುದ್ದು ಒಳಹೋಗಿ ಮೂಸಿ, ವಾಸನೆಯಿಲ್ಲ ಎಂದಮೇಲೆಯೇ ಉಳಿದವರು ಒಳಗೆ ಕಾಲಿಡಬೇಕು. ನಿಯಮ ಮಾಡಿದವರೂ ಅವರೇ. ಹೋದರು, ಬಂದರು, "ಇನ್ನೂ ಇದೆ" ಎಂದರು. ಮತ್ತೆ ಹೋಗಿ ಬೆವರು ಸುರಿಸುತ್ತಾ ಬಂದು "ಜಾಸ್ತಿಯಾಗಿದೆ" ಎಂದರು. ಊಟದ ಹೊತ್ತು ಮೀರಿ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು.

"ಹೊಗೆ ಎಲ್ಲೂ ಕಾಣಿಸ್ತಿಲ್ಲವಲ್ರೀ?" ಎಂದರು ನಿರ್ದೇಶಕರು.

"ಕಾಣೋ ಹೊಗೆಯನ್ನ ಯಾರು ಬೇಕಾದ್ರೂ ಹಿಡೀತಾರೆ ಸರ್" ಎಂದು ಸಾಹೇಬರು ಸಿಡುಕಿದರು. ತಕ್ಷಣ ಬೆಚ್ಚಿಬಿದ್ದರು. "ಅಯ್ಯೋ, ಅಂಗಳಕ್ಕೂ ಬಂತಲ್ಲ!"

ಹೆಂಡತಿಗೆ ಸಾಕಾಯಿತು. ಸೀದಾ ಬಂದು ಗಂಡನ ಕೋಟಿನ ಜೇಬಿಗೆ ಕೈಹಾಕಿ ಶೀಶೆ ತೆಗೆದು ನಿರ್ದೇಶಕರ ಕೈಗಿತ್ತಳು. ಅವರು ಮುಚ್ಚಳ ಮೂಸಿದರು, ಆಮೇಲೆ ಸಾಹೇಬರ ಕಾಲರಿನ ಹತ್ತಿರ ಬಗ್ಗಿದರು.

"ಬೆಂಕಿ ಸಿಕ್ತು, ಎಲ್ಲರೂ ಒಳಗೆ ನಡೀರಿ" ಎಂದರು. "ಮುಖ್ಯಾಧಿಕಾರಿ ವಿಷಯ ಮುಂದಿನ ವರ್ಷ ನೋಡೋಣ."

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಒಬ್ಬರೂ ಕದಲಲಿಲ್ಲ, ಹಸಿವೂ ಮರೆತಂತಿತ್ತು. ಹೆಂಡತಿ ಶೀಶೆಯನ್ನು ವಾಪಸು ಇಸಿದುಕೊಂಡು, ತಳದ ಚೀಟಿಯನ್ನು ಗಂಡನ ಕಣ್ಣಿಗೆ ಹಿಡಿದಳು.

"ಓದಿ."

ಸಾಹೇಬರು ಸುತ್ತ ನೋಡಿದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತು" ಎಂದು ಗೊಣಗಿದರು. "ಎಚ್ಚರಿಕೆ."

"ಹಿಂದಿನ ಸಾಲಿಗೆ ಕೇಳಿಸಲಿಲ್ಲ" ಎಂದಳು ಹೆಂಡತಿ. "ಇನ್ನೊಂದ್ಸಲ."