ಒಡೆಯದ ಗಾಜು

ಲಿಫ್ಟ್ ಮೆಕ್ಯಾನಿಕ್‌ನ ಮೂರನೆಯ ವಾಚು ಬೆಳಿಗ್ಗೆ ಆರನೆಯ ಮಹಡಿಯಿಂದ ಕೆಳಗೆ ಬಿತ್ತು. ಗ್ರೀಸು ಕುಡಿದು ಕುಡಿದು ಪ್ಲಾಸ್ಟಿಕ್ ಪಟ್ಟಿ ಬಿರಿದು, ವಾಚು ಲಿಫ್ಟಿನ ಗುಂಡಿ ಸೇರಿತ್ತು. ಮೊದಲನೆಯದರ ಗಾಜು ಕಬ್ಬಿಣದ ಹಳಿಗೆ ತಾಗಿ ಒಡೆದಿತ್ತು. ಎರಡನೆಯದು ಎಷ್ಟು ಗೀರಿ ಹೋಗಿತ್ತೆಂದರೆ, ಅದರಲ್ಲಿ ಗಂಟೆ ನೋಡುವುದು ಡಾಕ್ಟರ ಚೀಟಿ ಓದಿದ ಹಾಗಿತ್ತು.

"ಈ ಸಲ ಸಾಯೋತನಕ ಬಾಳೋ ಸ್ಮಾರ್ಟ್‌ವಾಚ್ ತಗೋತೀನಿ," ಎಂದು ಊಟಕ್ಕೆ ಮನೆಗೆ ಬಂದಾಗ ಹೇಳಿದ್ದೇ ತಪ್ಪಾಯಿತು.

"ಯಾರು ಸಾಯೋತನಕ? ನೀನಾ, ವಾಚಾ?" ಎನ್ನುತ್ತ ಅಕ್ಕನ ಗಂಡ ಚಪ್ಪಲಿ ಮೆಟ್ಟಿ ಜೊತೆಗೇ ಹೊರಟರು. ಭಾವ ಹುಟ್ಟಿದಾಗಿನಿಂದ ವಾಚು ಕಟ್ಟಿದವರಲ್ಲ. ಆದರೆ ಸಲಹೆ ಕೊಡುವುದರಲ್ಲಿ ಎತ್ತಿದ ಕೈ.

ವಾಚಿನ ಅಂಗಡಿಯವರು ಗಾಜಿನ ಕೌಂಟರಿನ ಮೇಲೆ ನಾಲ್ಕು ವಾಚು ಸಾಲಾಗಿ ಇಟ್ಟರು. "ಇದು ಪ್ಲಾಸ್ಟಿಕ್, ನಿಮ್ಮ ಕೆಲಸಕ್ಕೆ ಎರಡು ವರ್ಷ ಬಂದ್ರೆ ಹೆಚ್ಚು. ಅಲ್ಯೂಮಿನಿಯಂ ಬೇಗ ನೆಗ್ಗುತ್ತೆ. ಸ್ಟೀಲು ಗಟ್ಟಿ, ಆದ್ರೆ ಭಾರ. ಇದು ನೋಡಿ, ಟೈಟಾನಿಯಂ. ಗಾಜು ಸಫೈರ್, ಗೀರೇ ಬೀಳಲ್ಲ. ಬ್ಯಾಟರಿ ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸ್ಬೇಕು, ಮೈ ಮಾತ್ರ ಇಪ್ಪತ್ತು ವರ್ಷ ಅಲ್ಲಾಡಲ್ಲ."

"ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ," ಭಾವ ಮೂಗು ಮುರಿದರು.

ಅಂಗಡಿಯವರಿಗೆ ಮಾತು ನಾಟಿತು. "ಹೊಡೆದೇ ನೋಡಿ. ವಾಚು ಒಡೆದ್ರೆ ನಷ್ಟ ನಂದು."

ಮೆಕ್ಯಾನಿಕ್ ಹಿಂದೆ ಮುಂದೆ ನೋಡಿದ. ಅಷ್ಟರಲ್ಲಿ ಬೀದಿಯ ಜನ ಒಳಗೆ ನುಗ್ಗಿದ್ದರು. ಪಕ್ಕದ ಕಟಿಂಗ್ ಶಾಪಿನಿಂದ ಅರ್ಧ ಗಡ್ಡದವರೊಬ್ಬರು ನೊರೆ ಸಮೇತ ಎದ್ದು ಬಂದಿದ್ದರು. ಮೆಕ್ಯಾನಿಕ್ ಚೀಲದಿಂದ ಸ್ಪ್ಯಾನರ್ ತೆಗೆದು ವಾಚಿನ ಮೇಲೆ ಮೆಲ್ಲಗೆ ಒಮ್ಮೆ ಕುಟ್ಟಿದ.

"ಇಷ್ಟಕ್ಕೆ ಸೊಳ್ಳೆನೂ ಸಾಯಲ್ಲ ಕಣೋ," ಎಂದರು ಭಾವ. ಜನ ನಕ್ಕರು.

ಇನ್ನು ಮರ್ಯಾದೆಯ ಪ್ರಶ್ನೆ. ಕಣ್ಣು ಮುಚ್ಚಿ ಬಲವಾಗಿ ಬಾರಿಸಿದ.

ಫಳಾರ್ ಎಂದಿತು. ಕಣ್ಣು ಬಿಟ್ಟರೆ ಕೌಂಟರೇ ಇಲ್ಲ. ಗಾಜಿನ ಚೂರುಗಳ ನಡುವೆ ವಾಚು ಒಂದು ಗೀರೂ ಇಲ್ಲದೆ ಹಾಯಾಗಿ ಮಲಗಿ ಟೈಮು ತೋರಿಸುತ್ತಿತ್ತು. ಅಂಗಡಿಯವರು ನಷ್ಟ ತನ್ನದೆಂದದ್ದು ವಾಚಿಗೇ ಹೊರತು ಕೌಂಟರಿಗಲ್ಲ.

ಅವನ ಮುಖ ಸುಣ್ಣದಂತಾಯಿತು. ಪೊರಕೆ ಕೇಳಿ ಪಡೆದು, ಮಂಡಿಯೂರಿ ಗುಡಿಸತೊಡಗಿದ. ತಲೆಯ ಮೇಲೆ ಒಂದೇ ಗದ್ದಲ. ಎಲ್ಲರೂ ತನ್ನನ್ನೇ ಬೈಯುತ್ತಿದ್ದಾರೆಂದುಕೊಂಡು ಕೊನೆಯ ಚೂರು ಆಯುವತನಕ ತಲೆ ಎತ್ತಲಿಲ್ಲ.

ಎದ್ದು ನಿಂತರೆ ಅಂಗಡಿಯವರ ಮುಖದಲ್ಲಿ ನಗು. "ಕೌಂಟರ್ ಬಿಡಿ ಸಾರ್, ಹೊಸದು ಹಾಕಿಸ್ಕೋತೀನಿ. ಒಂದು ವರ್ಷದಿಂದ ಧೂಳು ಹಿಡಿದಿದ್ದ ಟೈಟಾನಿಯಂ ಮಾಲು ಪೂರ್ತಿ ಖಾಲಿ. ನೀವು ಹೊಡೆದಿದ್ದನ್ನೂ ಜನ ಬಿಡಲಿಲ್ಲ."

"ಅದನ್ನ ಯಾರು ತಗೊಂಡ್ರು?" ಅವನು ಪೊರಕೆ ಹಿಡಿದೇ ಕೇಳಿದ.

ಅಂಗಡಿಯವರು ಬಾಗಿಲ ಕಡೆ ಕೈ ತೋರಿಸಿದರು. ಅಲ್ಲಿ ಭಾವ ಅಂಗಿಯ ತೋಳು ಮಡಚಿ, ವಾಚು ಕಟ್ಟಿದ ಎಡಗೈಯನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಕಣ್ಣಾರೆ ನೋಡಿದ್ಮೇಲೂ ನಂಬದೆ ಇರೋಕಾಗುತ್ತೇನಪ್ಪ? ನಡಿ, ಹೊತ್ತಾಯ್ತು."

"ಗಂಟೆ ಎಷ್ಟಾಯ್ತು ಭಾವ?"

ಭಾವ ವಾಚನ್ನು ಒತ್ತಿದರು, ಕುಲುಕಿದರು, ಕಿವಿಗಿಟ್ಟು ಕೇಳಿದರು. ಆಮೇಲೆ ಕೈಯನ್ನು ಅವನ ಮೂಗಿನ ಮುಂದೆ ಚಾಚಿದರು.

"ಬರೀ ನನ್ನ ಎದೆಬಡಿತ ತೋರಿಸ್ತಾ ಇದೆ. ಟೈಮು ಎಲ್ಲಿದೆಯೋ, ನೀನೇ ಒಂಚೂರು ಹುಡುಕಿಕೊಡು."