ನೈರೋಬಿಯ ಡಬ್ಬಿ

ಗದಿಗೆಪ್ಪನ ತಾಪತ್ರಯಕ್ಕೆಲ್ಲ ಕಾರಣ ಮಗಳ ಕಾಗದದಲ್ಲಿದ್ದ ಒಂದು ಸಾಲು. ‘ಅಪ್ಪಾ, ಪಂಚಮಿಗೆ ಅವ್ವ ಮಾಡತಿದ್ದ ಉಂಡಿ ಕಳಸು. ನನ್ನ ಮಕ್ಕಳಿಗೆ ನಮ್ಮ ಮನಿ ರುಚಿನ ಗೊತ್ತಿಲ್ಲ.’

ಮಗಳು ಮಲ್ಲವ್ವ ಗಂಡನ ರೇಲ್ವೆ ನೌಕರಿಯ ಹಿಂದೆ ನೈರೋಬಿಗೆ ಹೋಗಿ ಏಳು ವರ್ಷವಾಗಿತ್ತು. ಇಬ್ಬರು ಮೊಮ್ಮಕ್ಕಳನ್ನು ಗದಿಗೆಪ್ಪ ನೋಡಿದ್ದು ಫೋಟೋದಲ್ಲಿ ಮಾತ್ರ. ಹೆಂಡತಿ ತೀರಿಕೊಂಡು ಎರಡು ವರ್ಷ. ಅವಳು ಪಂಚಮಿಗೆ ಮಾಡುತ್ತಿದ್ದದ್ದು ಯಾವ ಉಂಡಿ? ಮೂವತ್ತು ವರ್ಷ ತಿಂದವನಿಗೆ ಗೊತ್ತಿರಲಿಲ್ಲ. ತಾಟಿನಲ್ಲಿ ಬಿದ್ದದ್ದನ್ನು ತಿಂದು, ಕೈ ತೊಳೆದು, ಕಾರ್ಖಾನೆಗೆ ಹೋಗುವ ಜಾತಿಯ ಗಂಡಸು ಅವನು. ತಿಂದರೆ ಗುರುತು ಹತ್ತೀತು, ಹೆಸರು ಮಾತ್ರ ಹೇಳಲಾರ. ಒಂದು ದಿನವಾದರೂ ‘ಇದೇನ, ಚಲೋ ಆಗೇತಿ’ ಎಂದು ಕೇಳಲಿಲ್ಲವಲ್ಲ ಎಂದು ಈಗ ಹಳಹಳಿಸುತ್ತಿದ್ದ.

ಆ ಕಡೆ ಹೋಗುವ ಹಡಗಿನ ಅಡುಗೆಯವ, ಪರಿಚಯದ ಕೊರಗಪ್ಪ, ಒಂದು ಡಬ್ಬಿ, ಒಂದೇ ಒಂದು ಡಬ್ಬಿ, ಒಯ್ಯಲು ಒಪ್ಪಿದ್ದ. ಹಡಗು ಹೊರಡುವುದು ಇವತ್ತು ಸಂಜೆ ಐದಕ್ಕೆ. ಗದಿಗೆಪ್ಪ ಮಾಡಿದ ತಪ್ಪೆಂದರೆ, ಈ ಸಂಗತಿಯನ್ನು ಚೆಂಬೂರಿನ ತನ್ನ ಚಾಳಿನಲ್ಲಿ ಬಾಯಿಬಿಟ್ಟದ್ದು.

ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯ ರುದ್ರವ್ವ ಪಾತ್ರೆ ಹಿಡಿದು ಬಂದಳು. “ಅಂಟಿನುಂಡಿ ಮಾಡೇನ್ರೀ ಅಣ್ಣಾ. ನಿಮ್ಮ ಮನಿಯವರು ಮಾಡತಿದ್ದದ್ದು ಇದನ. ನಾ ಕಣ್ಣಾರೆ ಕಂಡೇನಿ.”

ಅವಳ ಹಿಂದೆಯೇ ಗೋಕಾಕದ ಕಡೆಯ ನಿವೃತ್ತ ಮಾಸ್ತರ ಚನ್ನಬಸಯ್ಯ, ಕೈಯಲ್ಲಿ ಕರದಂಟಿನ ಪೊಟ್ಟಣ. “ಮಳಿಗಾಲದಾಗ ಹಡಗಿನ ಮ್ಯಾಲ ಅಂಟಿನುಂಡಿ? ಮುಗ್ಗಿ ಹೋಗತೈತಿ. ಕರದಂಟ ಕಳಸೋ ಗದಿಗೆಪ್ಪಾ. ವರ್ಷ ಇಟ್ಟರೂ ಏನೂ ಆಗೂದಿಲ್ಲ.”

“ಹುಡುಗರ ಹಲ್ಲ ಮುರೀತಾವ್ರೀ,” ಎಂದಳು ರುದ್ರವ್ವ.

“ಮುರಿದರ ಹೊಸಾವು ಬರತಾವ. ಅವೇನು ನನ್ನ ಹಲ್ಲ?”

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಉಡುಪಿಯ ವಿನೋದಿನಿ ಬಾಳೆಹಣ್ಣಿನ ಹಲ್ವದ ತಟ್ಟೆ ಹಿಡಿದು ಇಳಿದಳು. “ಉಂಡೆ ಕಳಿಸಿದ್ರೆ ಪುಡಿಯಾಗ್ತದೆ ಮಾರಾಯ್ರೇ. ಹಲ್ವ ಕಳಿಸಿ. ಹಲ್ವ ಬೇಡ ಅಂದ ಮಕ್ಕಳು ಎಲ್ಲಿಯಾದ್ರೂ ಉಂಟಾ?”

ಗದಿಗೆಪ್ಪ ಮೂರನ್ನೂ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಹೆಂಡತಿಯನ್ನು ನೆನೆದ. ಮೂರೂ ರುಚಿಯಾಗಿದ್ದವು. ಯಾವುದೂ ಅವಳದಲ್ಲ. ಹಾಗೆಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಜ್ವರ ಬಂದಾಗ ಗಂಜಿ ಕೊಡುವವರು ಇವರೇ. ಹತ್ತು ಗಂಟೆಯ ಹೊತ್ತಿಗೆ ಅವನ ಡಾಲ್ಡಾ ಡಬ್ಬಿಯಲ್ಲಿ ತಳಕ್ಕೆ ಕರದಂಟು, ನಡುವೆ ಹಲ್ವ, ಮೇಲೆ ಅಂಟಿನುಂಡಿ ತುಂಬಿ, ಸೆಣಬಿನ ಹಗ್ಗ ಬಿಗಿದು, ಇಡೀ ಚಾಳು ಅವನನ್ನು ಬೀಳ್ಕೊಟ್ಟಿತು.

“ನಮ್ಮ ಉಂಡಿ ಹ್ಯಾಂಗಿದ್ದುವಂತ ಬರೀಲಿಕ್ಕೆ ಹೇಳ್ರಿ!” ಎಂದು ರುದ್ರವ್ವ ಗೇಟಿನ ತನಕ ಬಂದು ಕೂಗಿದಳು.

ಬಂದರಿಗೆ ಹೋಗಲು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಇಳಿಯುವವರನ್ನು ಹತ್ತುವವರು ಇಳಿಯಗೊಡುವುದಿಲ್ಲ. ಆ ನೂಕಾಟದಲ್ಲಿ ಒಬ್ಬನ ಕೊಡೆಯ ಕೊಕ್ಕೆ ಗದಿಗೆಪ್ಪನ ಹಗ್ಗಕ್ಕೆ ಸಿಕ್ಕಿತು. ಕೊಡೆ ಗಾಡಿಯೊಳಗೆ ಹೋಯಿತು, ಹಗ್ಗ ಅದರ ಜೊತೆ ಹೋಯಿತು, ಡಬ್ಬಿ ಮಾತ್ರ ಪ್ಲಾಟ್‌ಫಾರ್ಮಿನ ಕೆಸರಿನಲ್ಲಿ ಬಾಯಿ ತೆರೆದು ಮಲಗಿತು. ಅಂಟಿನುಂಡಿಗಳು ಹಳಿಯ ಕಡೆ ಉರುಳಿದವು. ಹಲ್ವದ ಮೇಲೆ ಒಬ್ಬ ದಪ್ಪ ಗುಜರಾತಿ ಶೇಠ ಜಾರಿ ಕೂತ. ಕರದಂಟು ನೀರಿನಲ್ಲಿ ಬಿದ್ದರೂ ಏನೂ ಆಗಲಿಲ್ಲ. ಮಾಸ್ತರರ ಮಾತು ಅಷ್ಟರ ಮಟ್ಟಿಗೆ ಖರೆ. ಆದರೆ ಅದನ್ನು ಒಂದು ನಾಯಿ ಎತ್ತಿಕೊಂಡು ಹೋಯಿತು.

ಗದಿಗೆಪ್ಪ ಬೆಂಚಿನ ಮೇಲೆ ಕುಸಿದ. ಚಾಳಿನವರಿಗೆ ಏನೆಂದು ಹೇಳಲಿ? ಅದಿರಲಿ, ಮಗಳಿಗೆ ಏನು ಕಳಿಸಲಿ? ಸ್ಟೇಶನ್ನಿನ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಆಗ ನೆನಪಾದದ್ದು ಮಾಟುಂಗಾದ ಗಂಗುಬಾಯಿ. ಮದುವೆಗೆ ಮೊದಲು ಅವನು ಉಣ್ಣುತ್ತಿದ್ದದ್ದು ಅವಳ ಖಾನಾವಳಿಯಲ್ಲಿ. ಹೇಳಿದರೆ ಸಿಹಿಯನ್ನೂ ಮಾಡಿಕೊಡುತ್ತಿದ್ದ ಮುದುಕಿ.

ಮುದುಕಿ ಕಥೆಯನ್ನೆಲ್ಲ ಕೇಳಿ, ಒಳಗೆ ಹೋಗಿ, ಒಂದು ಶೇಂಗಾ ಉಂಡಿ ತಂದು ಅವನ ಅಂಗೈಯಲ್ಲಿಟ್ಟಳು. ಗದಿಗೆಪ್ಪ ಕಡಿದ. ಮೊದಲು ಬೆಲ್ಲ, ಆಮೇಲೆ ಏಲಕ್ಕಿ, ಕಡೆಗೆ ಗಂಟಲಲ್ಲಿ ಒಣಶುಂಠಿಯ ಸಣ್ಣ ಕಿಚ್ಚು. ಅವನ ಕಣ್ಣಲ್ಲಿ ನೀರು ಬಂತು.

“ಇದನ! ಇದನ ಬೇ ಅವ್ವಾ!”

“ಇದನ ಇರಬೇಕಲ್ಲಪಾ. ನಿನ್ನ ಹೇಂತಿಗೆ ಕಲಿಸಿದಾಕಿ ನಾನ,” ಎಂದಳು ಗಂಗುಬಾಯಿ.

ಬೇರೆ ಗಿರಾಕಿಗೆಂದು ಕಟ್ಟಿಟ್ಟಿದ್ದ ಐವತ್ತೊಂದು ಉಂಡಿಗಳನ್ನು ಮುದುಕಿ ಅವನಿಗೇ ಕೊಟ್ಟಳು. ಹೊಸ ಬಿಸ್ಕೀಟಿನ ಡಬ್ಬಿ ಸಿಕ್ಕಿತು. ಬೆಸುಗೆಯವನು ಮುಚ್ಚಳ ಬೆಸೆದ. ದರ್ಜಿ ಬಿಳಿ ಬಟ್ಟೆ ಹೊಲಿದ. ಅದರ ಮೇಲೆ ಗದಿಗೆಪ್ಪ ತನ್ನ ಕೈಯಿಂದಲೇ ದಪ್ಪ ಅಕ್ಷರದಲ್ಲಿ ‘ಮಲ್ಲವ್ವ, ನೈರೋಬಿ’ ಎಂದು ಬರೆದ. ಎರಡು ಗಂಟೆಗೆ ಬಂದರಿನ ಗೇಟಿನಲ್ಲಿ ಡಬ್ಬಿ ಕೊರಗಪ್ಪನ ಕೈ ಸೇರಿತು.

“ಇನ್ನು ನೀವು ಮನೆಗೆ ಹೋಗಿ,” ಎಂದ ಕೊರಗಪ್ಪ.

ಗದಿಗೆಪ್ಪ ಹೋಗಲಿಲ್ಲ. ಮಳೆಯಲ್ಲಿ ತೋಯುತ್ತ ಸಮುದ್ರದ ದಂಡೆಯಲ್ಲಿ ನಿಂತ. ಐದಕ್ಕೆ ಹಡಗು ಕೂಗಿದಾಗ ಕರವಸ್ತ್ರ ಬೀಸಿದ. ಹಡಗು ಕಡಲೆಕಾಳಿನಷ್ಟಾಗಿ ಕಾಣದಾಗುವ ತನಕ ಬೀಸಿದ. ಮೊಮ್ಮಕ್ಕಳು ಉಂಡಿ ಕಡಿಯುವುದು, ಶುಂಠಿ ತಾಗಿ ಮುಖ ಸಿಂಡರಿಸುವುದು, ಮಲ್ಲವ್ವ ಅಡುಗೆಮನೆಗೆ ಹೋಗಿ ಒಬ್ಬಳೇ ಅಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಎರಡು ವರ್ಷಗಳಲ್ಲಿ ಅವನು ಸಂತೋಷಪಟ್ಟ ಸಂಜೆ ಅದೊಂದೇ.

ಚಾಳಿಗೆ ಬಂದಾಗ ಅಂಗಳದ ತುಂಬ ಗದ್ದಲ. ಎಲ್ಲರ ಬಾಯಿಯೂ ಆಡುತ್ತಿತ್ತು.

“ಬರ್ರಿ ಅಣ್ಣಾ, ಬರ್ರಿ!” ರುದ್ರವ್ವ ಓಡಿ ಬಂದಳು. “ನಿಮ್ಮ ಮಗಳು ಬಂಗಾರದಂಥಾಕಿ! ನೈರೋಬಿಯಿಂದ ಉಂಡಿ ಕಳಿಸ್ಯಾಳ!”

ಗದಿಗೆಪ್ಪ ಅವಳು ತೋರಿಸಿದ ಕಡೆ ನೋಡಿದ. ಜಗಲಿಯ ಮೇಲೆ ಬಿಸ್ಕೀಟಿನ ಡಬ್ಬಿ ಕೂತಿತ್ತು. ಪಕ್ಕದಲ್ಲಿ ಹರಿದ ಬಿಳಿ ಬಟ್ಟೆ. ಅದರ ಮೇಲೆ ಅವನದೇ ಅಕ್ಷರ.

“ಯಾರ ತಂದ್ರು?”

“ದೂಜ ಅಂತ ಒಬ್ಬ ಹುಡುಗ, ಹೋಟೆಲಿನವ. ಹಡಗಿನಿಂದ ಕೊರಗಪ್ಪ ಕೊಟ್ಟಾರ, ಗದಿಗೆಪ್ಪನವರ ಮನೀಗೆ ಅಂತ ಹೇಳಿ ಓಡಿ ಹೋದ. ನಿಮ್ಮ ಮನಿ ಕೀಲಿ ಹಾಕಿತ್ತು. ಮಾಸ್ತರು ಹೆಸರ ಓದಿದ್ರು. ಹಡಗಿನಾಗ ಹದಿನೈದ ದಿನಾ ಉಸರ ಕಟ್ಟಿದ ಉಂಡಿ, ಗಾಳಿ ಆಡಲಿ ಅಂತ ಒಡದ್ವಿ. ಮಗಳ ಮನಿ ಸಿಹಿ ಬಂದರ ಓಣಿಗೆ ಬೀರಬೇಕಲ್ರೀ? ನೀವು ದಣದ ಬರತೀರಿ, ನಾವ ಬೀರಿದ್ವಿ. ಒಂದ ಚೀಟಿನೂ ಐತಿ. ಅದನ್ನ ಓದಿಲ್ಲ. ಮಂದಿ ಕಾಗದ ಓದೂ ಜನ ಅಲ್ಲ ನಾವು.”

ಗದಿಗೆಪ್ಪ ಚೀಟಿ ಬಿಡಿಸಿದ. ‘ಹೊಸ ಸಾಹೇಬ ತಿಂಡಿಯ ಡಬ್ಬ ಹತ್ತಿಸಲು ಬಿಡಲಿಲ್ಲ. ಗೇಟಿನಲ್ಲಿ ನಿಮ್ಮನ್ನು ಹುಡುಕಿದೆ. ಭಾವಮೈದ ದೂಜನ ಕೈಯಲ್ಲಿ ವಾಪಸ್ ಕಳಿಸಿದ್ದೇನೆ. ದಸರೆ ಕಳೆದು ಬರುತ್ತೇನೆ, ಆಗ ನೋಡುವ. ಕೊರಗಪ್ಪ.’

ದಸರೆ. ಪಂಚಮಿಗೆ ಇನ್ನು ಮೂರು ವಾರ.

“ತಾಯಿ ಕೈರುಚಿನ ಮಗಳಿಗೆ ಬಂದೈತಿ ನೋಡು!” ಎಂದ ಚನ್ನಬಸಯ್ಯ ಬೆರಳು ನೆಕ್ಕುತ್ತ. “ಇದ ಖರೇ ನಿನ್ನ ಹೇಂತಿ ಉಂಡಿ!”

“ನಮ್ಮ ಹಲ್ವ ಅಲ್ಲಿ ಮುಟ್ಟುವ ಮೊದಲೇ ಅವಳದ್ದು ಇಲ್ಲಿಗೆ ಮುಟ್ಟಿತಲ್ಲ!” ಎಂದಳು ವಿನೋದಿನಿ. “ನಮ್ಮ ಡಬ್ಬಿ ಹಡಗು ಹತ್ತಿತಲ್ವಾ ಅಣ್ಣ?”

ಗದಿಗೆಪ್ಪ ಬಾಯಿ ತೆರೆದ. ಇದು ನನ್ನ ಡಬ್ಬಿ ಎಂದರೆ, ಅವರ ಡಬ್ಬಿ ಎಲ್ಲಿ ಎಂದು ಹೇಳಬೇಕು. ಶೇಠ, ಹಳಿ, ನಾಯಿ. ಮೂರು ಮನೆಯ ಮೂರು ಮುಖಗಳು ಅವನನ್ನೇ ನೋಡುತ್ತಿದ್ದವು.

“ಹತ್ತಿತ್ರೀ,” ಎಂದ.

ತಟ್ಟೆಯಲ್ಲಿ ಒಂದೇ ಒಂದು ಉಂಡಿ ಉಳಿದಿತ್ತು. ಅದನ್ನು ರುದ್ರವ್ವ ಅವನ ಕೈಗೆ ಕೊಟ್ಟಳು. ಬೆಲ್ಲ, ಏಲಕ್ಕಿ, ಒಣಶುಂಠಿ. ಗದಿಗೆಪ್ಪನ ಕಣ್ಣಿಂದ ನೀರು ಇಳಿಯತೊಡಗಿತು. ಮಗಳ ಮೇಲಿನ ಮಮತೆ ಎಂದು ತಿಳಿದು ಚಾಳಿಗೆ ಚಾಳೇ ಸೆರಗಿನಿಂದ ಕಣ್ಣೊರೆಸಿಕೊಂಡಿತು.

ರುದ್ರವ್ವ ಮೊದಲು ಸುಧಾರಿಸಿಕೊಂಡಳು. ಬಿಸ್ಕೀಟಿನ ಡಬ್ಬಿಯನ್ನು ತೊಳೆದು, ಒರೆಸಿ, ಅವನ ಮುಂದಿಟ್ಟಳು.

“ಮಗಳ ಮನಿ ಡಬ್ಬಿ ಖಾಲಿ ಹೊಳ್ಳಿ ಕಳಸಬಾರದ್ರೀ ಅಣ್ಣಾ. ಮೂರೂ ಮನ್ಯಾಗ ನಾಳೆನ ಒಲಿ ಹಚ್ಚತೀವಿ. ಏನ ಮಾಡೋಣು ಹೇಳ್ರಿ?”