ಒಬ್ಬರಿಗೆ ಎರಡೇ ಕಡತ

ಆ ಬೋರ್ಡು ಬರೆಯದೆ ಸುಮ್ಮನಿದ್ದಿದ್ದರೆ ಜುಂಜಣ್ಣನ ಬಾಳು ಹಸನಾಗಿರುತ್ತಿತ್ತು. ‘ಒಬ್ಬರಿಗೆ ಎರಡೇ ಕಡತ. ಯಾರಿಗೂ ರಿಯಾಯಿತಿ ಇಲ್ಲ.’

೧೯೭೪ರಲ್ಲಿ ಹೊಳಲ್ಕೆರೆಯ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮು ಅವನ ಸುಪರ್ದಿನಲ್ಲಿತ್ತು. ಗುಮಾಸ್ತರು ತಲಾ ಇಪ್ಪತ್ತು ಕಡತ ಒಯ್ದು ಮೇಜಿನ ಮೇಲೆ ಹುತ್ತ ಬೆಳೆಸುತ್ತಿದ್ದರು. ಬೇಕಾದವರಿಗೆ ಬೇಕಾದದ್ದು ಸಿಗುತ್ತಿರಲಿಲ್ಲ, ಬೈಗುಳ ಮಾತ್ರ ಜುಂಜಣ್ಣನಿಗೆ. ಅದಕ್ಕೇ ಈ ಮಿತಿ.

ಮಿತಿ ಹಾಕಿದ್ದೇ ತಡ, ಜನ್ಮದಲ್ಲಿ ಕಡತ ಮುಟ್ಟದವರೂ ಸಾಲು ನಿಂತರು. ಹನ್ನೊಂದಕ್ಕೆ ಜವಾನ ಸಣ್ಣತಿಮ್ಮಪ್ಪನೂ ಕೈ ಚಾಚಿದ.

“ನಂಗೂ ಎರಡು ಕೊಡ್ರಿ.”

“ನಿಂಗೆ ಓದಾಕೆ ಬರಲ್ವಲ್ಲೋ?”

“ಬರಲ್ಲ. ಆದ್ರೂ ಪಾಲು ಪಾಲೇ ಅಲ್ವೇನ್ರಿ?”

ಜುಂಜಣ್ಣ ಹೆಬ್ಬೆಟ್ಟು ಒತ್ತಿಸಿಕೊಂಡು, ಕೈಗೆ ಸಿಕ್ಕ ಎರಡನ್ನು ಕೊಟ್ಟು ಕಳಿಸಿದ.

ಮಧ್ಯಾಹ್ನ ಹೆಡ್ ಕ್ಲರ್ಕ್ ಓಬಳೇಶಪ್ಪ ಏದುಸಿರು ಬಿಡುತ್ತ ಬಂದರು. “ಜುಂಜಣ್ಣ, ದುರ್ಗದಿಂದ ದೊಡ್ಡ ಸಾಹೇಬ್ರು ಮೂರಕ್ಕೆ ಬರ್ತಾರಂತೆ. ತಾಳ್ಯದ ಕೆರೆ ಫೈಲು ರೆಡಿ ಇರ್ಬೇಕಂತೆ. ಇಲ್ದಿದ್ರೆ ನಿನ್ನ ಖಾಯಂ ಗೋವಿಂದ!”

ಜುಂಜಣ್ಣ ಕಪಾಟಿನತ್ತ ಧಾವಿಸಿದ. ಹನ್ನೊಂದು ವರ್ಷದಿಂದ ಅವನು ತಾತ್ಕಾಲಿಕ ನೌಕರ. ಅವನನ್ನು ಖಾಯಂ ಮಾಡುವ ಕಡತ ಸಾಹೇಬರ ಒಂದೇ ಒಂದು ಸಹಿಗಾಗಿ, ಕುಂಕುಮ ಹಚ್ಚಿಸಿಕೊಂಡು, ಮೇಜಿನ ಖಾನೆಯಲ್ಲಿ ಕಾಯುತ್ತಿತ್ತು.

ಕಪಾಟಿನಲ್ಲಿ ತಾಳ್ಯ ಇರಲಿಲ್ಲ. ಬೆಳಗಿನ ನೂಕುನುಗ್ಗಲಿನಲ್ಲಿ ಯಾರು ಎಷ್ಟು ಒಯ್ದರು ಎಂದು ಬರೆದಿದ್ದನೇ ಹೊರತು ಯಾವುದನ್ನು ಎಂದು ಬರೆದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮೇಜಿನಿಂದ ಮೇಜಿಗೆ ಓಡಿದ. ಟೈಪಿಸ್ಟ್ ಸರ್ವಮಂಗಳ ತನ್ನೆರಡರ ಮೇಲೆ ಭದ್ರವಾಗಿ ಕೂತಿದ್ದಳು.

“ಅಕ್ಕಾ, ಹೆಸರಾದ್ರೂ ನೋಡಿ ಹೇಳ್ರಿ!”

“ನೋಡ್ಬೇಕಂದ್ರೆ ಏಳ್ಬೇಕು. ಎದ್ರೆ ಯಾರಾದ್ರೂ ಎತ್ಕಂಡು ಹೋಗ್ತಾರೆ. ನಾ ಏಳಲ್ಲ.”

ಕೊನೆಗೂ ಎರಡೂವರೆಗೆ ಹಿತ್ತಲಿನ ಹುಣಸೆ ಮರದಡಿ ಸಿಕ್ಕಿತು. ಸಣ್ಣತಿಮ್ಮಪ್ಪ ತಾಳ್ಯದ ಕೆರೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಅವನದೂ ಒಂದು ಷರತ್ತು. “ಬದ್ಲಿಗೆ ದಪ್ಪಗಿರೋದು ಕೊಡ್ರಿ. ಇದ್ರಿಂದ ಕತ್ತು ನೋಯ್ತೈತೆ.”

ಮೂರಕ್ಕೆ ಸರಿಯಾಗಿ ಜೀಪು ಬಂತು. ಸಾಹೇಬರು ಮೊದಲು ಓದಿದ್ದೇ ಬೋರ್ಡು.

“ಭೇಷ್! ನಿಜವಾಗಿಯೂ ಯಾರಿಗೂ ರಿಯಾಯಿತಿ ಇಲ್ಲ ತಾನೆ?”

“ದೇವರಾಣೆಗೂ ಇಲ್ಲ ಸಾರ್!”

ಅವರು ತಾಳ್ಯದ ಕಡತ ತೆಗೆದುಕೊಂಡರು. ಕೆರೆಯ ನಕ್ಷೆಯ ಕಡತವನ್ನೂ ಕೇಳಿದರು, ಅದೂ ಸಿಕ್ಕಿತು. ಎರಡಕ್ಕೂ ಚೀಟಿ ಬರೆದುಕೊಟ್ಟು, “ಇವು ದುರ್ಗಕ್ಕೆ ಬೇಕು” ಎಂದು ಡ್ರೈವರ್ ಕೈಗಿತ್ತರು. ಜುಂಜಣ್ಣನಿಗೆ ಹೋದ ಜೀವ ಬಂದಂತಾಯಿತು. ಖಾನೆಯಿಂದ ಕುಂಕುಮದ ಕಡತ ತೆಗೆದು ಮುಂದಿಟ್ಟ.

ಸಾಹೇಬರು ನಗುತ್ತ ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಅವರ ಕಣ್ಣು ಮತ್ತೆ ಗೋಡೆಯ ಬೋರ್ಡಿನ ಮೇಲೆ ಬಿತ್ತು. ಮುಚ್ಚಳ ಹಾಕಿಬಿಟ್ಟರು.

“ಅರೆರೆ, ನನ್ನ ಎರಡು ಮುಗಿದುಹೋಯಿತಲ್ಲ! ನಿಮ್ಮಂಥ ನಿಷ್ಠಾವಂತರ ನಿಯಮವನ್ನು ನಾನೇ ಮುರಿಯಲೆ? ಮುಂದಿನ ವರ್ಷ ತಪಾಸಣೆಗೆ ಬಂದಾಗ ನೋಡೋಣ.”

ಜೀಪು ಎಬ್ಬಿಸಿದ ಧೂಳಿನಲ್ಲಿ ಜುಂಜಣ್ಣ ಕಡತ ಹಿಡಿದು ನಿಂತೇ ಇದ್ದ. ಓಬಳೇಶಪ್ಪ ಬಂದು ಹೆಗಲ ಮೇಲೆ ಕೈಯಿಟ್ಟರು.

“ಮೂರು ಅಂತ ಬರಿಯಾಕೆ ಏನಾಗಿತ್ತಪ್ಪ ನಿಂಗೆ?”